ಹಾಳಾದ ಪುಸ್ತಕಗಳು

ಗ್ರಂಥಾಲಯದ ತಪಾಸಣೆಗೆ ಬಂದ ಅಧಿಕಾರಿ ಮಕ್ಕಳ ಪುಸ್ತಕವೊಂದನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿದರು. ಹಾಳೆಗಳ ತುಂಬ ಹಲಸಿನ ಮೇಣ, ಕಾಫಿ ಹಣ್ಣಿನ ಕಲೆ. ಪುಟ್ಟ ಕೈಗಳು ಸವರಿ ಸವರಿ ಚಿತ್ರದ ಆನೆಯ ಸೊಂಡಿಲೇ ಅಳಿಸಿಹೋಗಿತ್ತು.

“ತೋಟದ ಕೂಲಿಗಳ ಲೈನ್‌ಮನೆ ಮಕ್ಕಳ ಕೈಗೆ ಕೊಟ್ರೆ ಇನ್ನೇನಾಗುತ್ತಮ್ಮ? ಮಿಕ್ಕಿದ್ದನ್ನೂ ಬೀಗ ಹಾಕಿಡಿ. ಹಾಳಾದವನ್ನೆಲ್ಲ ತನ್ನಿ, ಬರ್ಕೊಳ್ತೀನಿ,” ಎಂದರು.

ಗ್ರಂಥಪಾಲಕಿ ಯಮುನಾ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಹಿಂದಿನವರ ಕಾಲದಿಂದ ಬೀಗ ಬಿದ್ದಿದ್ದ ಗಾಜಿನ ಬೀರು ತೆರೆದಳು. ಗಲ್ಲದವರೆಗೆ ಪುಸ್ತಕ ಪೇರಿಸಿ ತಂದು ಮೇಜಿನ ಮೇಲಿಟ್ಟಳು. ಒಂದಕ್ಕೂ ಕಲೆಯಿಲ್ಲ, ಮಡಿಕೆಯಿಲ್ಲ.

“ಇವು ಚೆನ್ನಾಗೇ ಇವೆಯಲ್ಲ?” ಅಧಿಕಾರಿ ಹುಬ್ಬೇರಿಸಿದರು.

ಯಮುನಾ ಪೆನ್ನನ್ನು ಅವರ ಮುಂದೆ ಸರಿಸಿದಳು. “ಆರು ವರ್ಷದಿಂದ ಒಂದು ಮಗುನೂ ಮುಟ್ಟಿಲ್ಲ ಸರ್. ಹಾಳಾಗಿರೋದು ಇವೇ. ಬರ್ಕೊಳ್ಳಿ.”