ಟೇಪಿನ ಮೇಲೆ ತೀರ್ಥ

"ಫಾದರ್, ಮೂತಿಗೆ ಮಾತ್ರ ಹಾಕಿ. ರೆಕ್ಕೆಗೆ ಬೇಡ," ಎನ್ನುತ್ತ ಡೆಲ್ಫಿನ್ ಅಂಗಿ ಬಿಚ್ಚಿ ತನ್ನ ರಿಮೋಟಿನ ಮಾದರಿ ವಿಮಾನಕ್ಕೆ ಹೊದಿಸಿಬಿಟ್ಟ.

ಫಾದರ್ ಅಂಬೋ ತೀರ್ಥದ ಬಕೆಟ್ಟಿಗೆ ಕುಂಚ ಅದ್ದಿದವರು ಹಾಗೇ ನಿಂತರು. "ಅರ್ಧ ಆಶೀರ್ವಾದ ಅಂತ ಒಂದಿದ್ಯೇನಯ್ಯಾ? ನಿಂಗೆ ಜ್ಞಾನಸ್ನಾನ ಮಾಡ್ಸಿದಾಗ ಮೂಗಿಗಷ್ಟೇ ನೀರು ಹಾಕಿದ್ರಾ?"

"ಬೆಳಿಗ್ಗೆ ತಾನೇ ಟೇಪ್ ಹಚ್ಚಿದೀನಿ ಫಾದರ್. ನೆಂದ್ರೆ ಎದ್ದು ಬರತ್ತೆ."

"ಟೇಪಿಗಿಂತ ನಂಬಿಕೆ ಗಟ್ಟಿ, ಮಗನೇ!" ಫಾದರ್ ಅಂಗಿ ಸರಿಸಿ, ಸೊಪ್ಪಿನ ಮಡಿಗೆ ನೀರು ಬಿಟ್ಟ ಹಾಗೆ ರೆಕ್ಕೆಯ ಉದ್ದಕ್ಕೂ ಎರಚಿದರು.

ಟಾರ್ಲಾಕ್ ಊರಿನ ಆ ಕೊಯ್ಲಾದ ಗದ್ದೆಯಲ್ಲಿ ತೀರ್ಥ ಬೀಳದೆ ಯಾವ ವಿಮಾನವೂ ಪಂದ್ಯಕ್ಕೆ ಏಳುವ ಹಾಗಿಲ್ಲ. ಗೆದ್ದವರಿಗೆ ಮಾವಿನ ಮರಕ್ಕೆ ಕಟ್ಟಿದ ಹಂದಿ. ಮೂರು ವರ್ಷದಿಂದ ಗೆಲ್ಲುತ್ತಿದ್ದವರು ಫಾದರ್ ಅಂಬೋ ಅವರೇ. ಬಡವರ ಊಟಕ್ಕೆ ಎಂದು ಹಂದಿಯನ್ನು ಹೊಡೆದುಕೊಂಡು ಹೋಗುತ್ತಿದ್ದರು. ಬಡವರಿಗೆ ಇಷ್ಟು ದಿನ ಅದರ ಘಮ ಮಾತ್ರ ದಕ್ಕಿತ್ತು. ಈ ಸಲ ಆ ಹಂದಿ ಡೆಲ್ಫಿನ್‌ಗೆ ಬೇಕೇ ಬೇಕು. ಬರುವ ಶನಿವಾರ ಮಗಳ ಮದುವೆ. ಇಡೀ ಹಂದಿ ಹುರಿಸುತ್ತೇನೆ ಎಂದು ಗಂಡಿನ ಕಡೆಯವರ ಮುಂದೆ ಎದೆ ತಟ್ಟಿ ಹೇಳಿಬಿಟ್ಟಿದ್ದ. ಎಲ್ಲಿಂದ ತರ್ತೀಯಾ ಎಂದು ಹೆಂಡತಿ ಇಸಿಂಗ್ ಕೇಳಿದಾಗ ಆಕಾಶ ತೋರಿಸಿದ್ದ.

ರೆಕ್ಕೆಗೂ ಅದರ ಹಿಂದೆ ಮೇಲೆ ಕೆಳಗೆ ಆಡುವ ಪಟ್ಟಿಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಅದರಲ್ಲಿ ಗಾಳಿ ಸೋರಿತೋ, ವಿಮಾನ ಮೊಂಡು ಕತ್ತೆಯಾಗುತ್ತದೆ. ಅದಕ್ಕೇ ಬೆಳಿಗ್ಗೆ ಇಸಿಂಗ್ ಪಟ್ಟಿಯನ್ನು ಪೂರ್ತಿ ಬಗ್ಗಿಸಿ ಹಿಡಿದಿದ್ದಳು, ಡೆಲ್ಫಿನ್ ಉಸಿರು ಬಿಗಿಹಿಡಿದು ಸಂದಿನುದ್ದಕ್ಕೂ ಟೇಪು ಒತ್ತಿದ್ದ. ಪ್ರತಿ ವರ್ಷವೂ ಹೀಗೇ ಒತ್ತುತ್ತಿದ್ದ. ಪ್ರತಿ ವರ್ಷವೂ ಅದು ಪಂದ್ಯದ ನಡುವೆ ಎದ್ದು ಬಂದು ವಿಮಾನ ಗಡಗಡ ನಡುಗಿ, ಫಾದರ್ ಹಿಂದೆ ಎರಡನೆಯದಾಗಿ ಬರುತ್ತಿತ್ತು. ಅವನು ತನ್ನ ಕೈಗುಣವನ್ನು ಬೈದುಕೊಳ್ಳುತ್ತಿದ್ದ. ಇಸಿಂಗ್ ಇನ್ನೂ ಚೆನ್ನಾಗಿ ಬೈಯುತ್ತಿದ್ದಳು.

ಈಗ ಅವನ ಕಣ್ಣೆದುರೇ ತೀರ್ಥದ ಹನಿ ಟೇಪಿನ ಅಂಚಿಗೆ ನುಸುಳಿತು. ಅಂಚು ಮೆಲ್ಲಗೆ ಎದ್ದಿತು. ಅವನು ಫಾದರ್ ಅವರ ವಿಮಾನದ ಕಡೆ ನೋಡಿದ. ಅದು ಕೊಡೆಯ ಕೆಳಗೆ, ಪ್ಲಾಸ್ಟಿಕ್ ಹೊದ್ದು, ಬೆಚ್ಚಗೆ ಮಲಗಿತ್ತು. ಮೂರು ವರ್ಷ ತಡವಾಗಿಯಾದರೂ ಡೆಲ್ಫಿನ್‌ಗೆ ಬುದ್ಧಿ ಬಂತು.

"ಫಾದರ್, ನಿಮ್ದಕ್ಕೆ ಆಶೀರ್ವಾದ ಆಗ್ಲೇ ಇಲ್ವಲ್ಲ?"

"ಅದು... ಚರ್ಚಲ್ಲೇ ಆಯ್ತಪ್ಪ."

"ಇನ್ನೊಂದ್ಸಲ ಆದ್ರೆ ದೇವ್ರೇನು ಬೇಜಾರ್ ಮಾಡ್ಕೋತಾನಾ?" ಎನ್ನುತ್ತ ಪಕ್ಕದಲ್ಲೇ ನಿಂತಿದ್ದ ಇಸಿಂಗ್ ಬಕೆಟ್ ಎತ್ತಿಕೊಂಡು ಹೋಗಿ ಪ್ಲಾಸ್ಟಿಕ್ ಎಳೆದಳು.

"ಬೇಡ ತಾಯೀ! ಟೇಪು! ಈಗ್ತಾನೆ ಹಚ್ಚಿದ್ದು!"

ಪಂದ್ಯಕ್ಕೆ ಬಂದಿದ್ದ ಇಪ್ಪತ್ತು ಜನ ತಮ್ಮ ತಮ್ಮ ಒದ್ದೆ ರೆಕ್ಕೆಗಳನ್ನು ಮುಟ್ಟಿ ನೋಡಿಕೊಂಡರು. ಮುಟ್ಟಿದ ಮೇಲೆ ಎಲ್ಲರೂ ಫಾದರ್ ಮುಖ ನೋಡಿದರು.

"ಟೇಪಿಗಿಂತ ನಂಬಿಕೆ ಗಟ್ಟಿ ಫಾದರ್," ಎಂದು ಇಸಿಂಗ್ ಬಕೆಟ್ ಬೋರಲು ಹಾಕಿದಳು.

ಅವತ್ತು ಎಲ್ಲರ ವಿಮಾನವೂ ನಡುಗಿತು. ಆದರೆ ನಡುಗುವ ವಿಮಾನ ಹಾರಿಸಿ ಡೆಲ್ಫಿನ್‌ಗೆ ಮೂರು ವರ್ಷದ ಅಭ್ಯಾಸವಿತ್ತು. ಫಾದರ್‌ಗೆ ಅದೇ ಮೊದಲು. ಅವರ ವಿಮಾನ ಎರಡನೇ ಸುತ್ತಿಗೇ ಹೋಗಿ ಎಮ್ಮೆಗಳ ಹೊಂಡದಲ್ಲಿ ಮುಳುಗೆದ್ದಿತು. ಹಂದಿ ಡೆಲ್ಫಿನ್ ಮನೆಗೆ ನಡೆದು ಬಂತು.

ಶನಿವಾರ ಮದುವೆಯ ಊಟದ ಮೇಜಿನ ನಡುವೆ ಕೆಂಪಗೆ ಹುರಿದ ಹಂದಿ ಮಲಗಿತ್ತು. ಬಾಯಲ್ಲಿ ನೀರೂರಿದ್ದ ಫಾದರ್ ಅಂಬೋ ಗಂಭೀರವಾಗಿ ಎದ್ದು, ಜೇಬಿನಿಂದ ತೀರ್ಥದ ಸೀಸೆ ತೆಗೆದರು. ಡೆಲ್ಫಿನ್ ಎರಡೂ ಕೈ ಚಾಚಿ ಹಂದಿಗೆ ಅಡ್ಡ ನಿಂತ.

"ಚರ್ಮ ಗರಿಗರಿ ಆಗಿದೆ ಫಾದರ್. ಬಾಯಲ್ಲೇ ಆಶೀರ್ವಾದ ಮಾಡ್ಬಿಡಿ."