ನೊಂದ ಗಿಟಾರಿನ ದೂರು

ಸುಳ್ಳು ಹೆಸರು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಸಮಾಧಾನಮ್ಮ ಮೂರು ಸಲ ಅಳಿಸಿದ್ದಳು. ‘ನೊಂದ ಗಿಟಾರು.’ ಅದರ ಕೆಳಗೆ ಒಂದೇ ಸಾಲು: ‘ಹೊಸದರಲ್ಲಿ ಸೌಂಡು ತೆಳುವಾಗಿದೆ, ನೀರು ಬೆರೆಸಿದ ಹಾಲಿನ ಹಾಗೆ.’ ಆಚೀಚೆ ನೋಡಿದಳು. ಕಣ್ಣು ಮುಚ್ಚಿ ಕಳಿಸುವ ಗುಂಡಿ ಒತ್ತಿಬಿಟ್ಟಳು.

ಸಮಾಧಾನಮ್ಮ ಎಂಬುದು ಕಚೇರಿಯವರು ಇಟ್ಟ ಹೆಸರು. ಹಾಡು ಧ್ವನಿಮುದ್ರಿಸಿ ಜೋಡಿಸುವ ಸಾಫ್ಟ್‌ವೇರ್ ಮಾಡುವ ನಾಲ್ಕು ಜನರ ಕಂಪನಿ ಅದು. ಬಳಕೆದಾರರು ಬೈದರೆ ಸಮಾಧಾನ ಹೇಳುವುದು ಅವಳ ಕೆಲಸ. ಹತ್ತು ವರ್ಷ ಬೈಗುಳಕ್ಕೆ ಬರವಿರಲಿಲ್ಲ. ಸೋಮವಾರ ಐದನೇ ಆವೃತ್ತಿ ಹೊರಬಂತು. ಒಂಬತ್ತು ಸಾವಿರ ಜನರಿಗೆ ಪತ್ರ ಹೋಯಿತು. ಮಂಗಳವಾರ ಕಳೆಯಿತು, ಬುಧವಾರ ಬಂತು. ಬಳಕೆದಾರರ ಪುಟದಲ್ಲಿ ಒಂದು ನರಪಿಳ್ಳೆಯೂ ಉಸಿರೆತ್ತಲಿಲ್ಲ.

ಬುಧವಾರ ಮಧ್ಯಾಹ್ನ ಯಜಮಾನರು ಎಲ್ಲರನ್ನೂ ಕೂರಿಸಿಕೊಂಡರು. ನಾಲ್ಕನೇ ಆವೃತ್ತಿಯವರೆಗೆ ಎಲ್ಲವನ್ನೂ ಒಬ್ಬರೇ ಬರೆದವರು. ಈಗ ಕನ್ನಡಕ ಒರೆಸುವುದೇ ಹೆಚ್ಚು.

“ಬಂಡವಾಳ ಹಾಕಿದವರು ಶುಕ್ರವಾರ ಸಂಜೆ ಐದಕ್ಕೆ ಆ ಪುಟ ತೆಗೆದು ನೋಡ್ತಾರಂತೆ. ಹೀಗೇ ಖಾಲಿ ಇದ್ರೆ ಬಾಗಿಲು ಹಾಕಿ ಅಂದಿದಾರೆ.”

“ಯಾರೂ ಬೈದಿಲ್ಲ ಅಂದ್ರೆ ಚೆನ್ನಾಗಿದೆ ಅಂತ ತಾನೆ?” ಅಂದ ಮೂಲಪುರುಷ. ಐದನೆಯದರ ಒಳಗನ್ನೆಲ್ಲ ಬರೆದವನು ಅವನು. ನಾಲ್ವರ ಕಂಪ್ಯೂಟರಿಗೂ ಪೆನ್‌ಡ್ರೈವಿನಿಂದ ಹಾಕಿಕೊಟ್ಟ ದಿನದಿಂದ ಅವನ ಮುಖದಲ್ಲಿ ಹೆತ್ತವಳ ಕಳೆ.

“ಸತ್ತವರನ್ನೂ ಯಾರೂ ಬೈಯಲ್ಲಪ್ಪಾ,” ಅಂದಳು ಬಣ್ಣದಕ್ಕ. ಪರದೆಯ ಮೇಲಿನ ಗುಂಡಿಗಳಿಗೆಲ್ಲ ನೀಲಿ ಬಳಿದವಳು.

ಸಮಾಧಾನಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಉಳಿದವರಿಗೆ ಎಲ್ಲಾದರೂ ಕೆಲಸ ಸಿಕ್ಕೀತು. ಬೈಸಿಕೊಳ್ಳುವುದೊಂದೇ ಗೊತ್ತಿರುವ ಐವತ್ತರ ಹೆಂಗಸಿಗೆ ಯಾರು ಕುರ್ಚಿ ಕೊಡುತ್ತಾರೆ?

ಹಾಗೆ ಹುಟ್ಟಿದ್ದು ನೊಂದ ಗಿಟಾರು. ಒಂದು ದೂರು, ಅದಕ್ಕೆ ತನ್ನದೇ ಒಂದು ಸಮಾಧಾನ, ಅಷ್ಟೇ ಅವಳ ಉಪಾಯ. ‘ಮಾನ್ಯ ನೊಂದ ಗಿಟಾರು ಅವರೇ, ನಿಮ್ಮ ನೋವು ನಮ್ಮದೂ ಹೌದು’ ಎಂದು ಉತ್ತರ ಬರೆಯುವಾಗ, ಇದಕ್ಕಿಂತ ನಿಜವಾದ ಮಾತನ್ನು ತಾನು ಹತ್ತು ವರ್ಷದಲ್ಲಿ ಬರೆದಿಲ್ಲ ಅನಿಸಿತು.

ಹತ್ತೇ ನಿಮಿಷ. ಕೆಳಗೆ ಇನ್ನೊಬ್ಬರು ಬಂದರು. ಹೆಸರು ‘ಹಳೇ ಕಿವಿ.’

‘ಸರಿಯಾಗಿ ಹೇಳಿದಿರಿ. ನಾಲ್ಕರಲ್ಲಿ ಡೋಲು ಎದೆಗೆ ಬಡಿಯುತ್ತಿತ್ತು. ಐದರಲ್ಲಿ ತಗಡಿಗೆ ಬಡಿಯುತ್ತದೆ.’

ಅದಕ್ಕೆ ‘ಏಳು ಸ್ವರ’ ಎಂಬಾತ ಹಾರಿಬಿದ್ದ: ‘ಸಾಫ್ಟ್‌ವೇರ್ ಸರಿಯಾಗೇ ಇದೆ. ಅಜ್ಜನ ಕಿವಿ ತೊಳೆಸಿ.’ ನಡುವೆ ‘ತಂಪುಗಣ್ಣು’ ಎಂಬಾಕೆ: ‘ಜಗಳ ಬಿಡಿ. ಆ ನೀಲಿ ಗುಂಡಿಗಳನ್ನು ಯಾರಾದರೂ ಸರಿಯಾಗಿ ನೋಡಿದಿರಾ?’

ಯಾರೂ ನೋಡಿರಲಿಲ್ಲ. ಗುರುವಾರ ಸಂಜೆಗೆ ಇನ್ನೂರು ಮಾತಾಯಿತು, ಶುಕ್ರವಾರ ಮಧ್ಯಾಹ್ನಕ್ಕೆ ಮುನ್ನೂರ ನಲವತ್ತು. ಏಳು ಸ್ವರ ಹಳೇ ಕಿವಿಯನ್ನು ಮ್ಯೂಸಿಯಮ್ಮಿಗೆ ಕಳಿಸಿದ. ಹಳೇ ಕಿವಿ ಏಳು ಸ್ವರನ ಎಂಟನೆಯದು ಅಪಸ್ವರ ಎಂದರು. ಎಲ್ಲರಿಗೂ ಸಮಾಧಾನ ಹೇಳಿ ಹೇಳಿ ಸಮಾಧಾನಮ್ಮನ ಬೆರಳು ಸವೆಯಿತು. ಕಚೇರಿಯಲ್ಲಿ ಮಾತಿಲ್ಲ, ಕೀಬೋರ್ಡುಗಳ ಸದ್ದು ಮಾತ್ರ. ಚಹಾಕ್ಕೆ ಎಲ್ಲರೂ ಎದ್ದಾಗ ಪುಟದಲ್ಲೂ ಕದನವಿರಾಮ. ಪಾಪ, ಒಳ್ಳೆಯ ಜನ, ಚಹಾ ಕುಡಿಯಲು ಬಿಡುತ್ತಾರೆ ಎಂದುಕೊಂಡಳು.

“ಆ ಹಳೇ ಕಿವಿಗೆ ಮಾಡಕ್ಕೆ ಬೇರೆ ಕೆಲಸ ಇಲ್ಲ ಅನ್ಸುತ್ತೆ,” ಅಂದ ಮೂಲಪುರುಷ, ಲೋಟ ಹಿಡಿದು.

“ಹಾಗನ್ಬೇಡಪ್ಪಾ. ಅನುಭವಸ್ಥರು ಇರ್ಬಹುದು,” ಅಂದರು ಯಜಮಾನರು, ಕನ್ನಡಕ ಒರೆಸುತ್ತ.

“ನೀಲಿ ಬಗ್ಗೆ ಅವರೂ ಏನೂ ಹೇಳ್ಲಿಲ್ಲ,” ಅಂದಳು ಬಣ್ಣದಕ್ಕ.

ನಾಲ್ಕೂವರೆಗೆ ಹಳೇ ಕಿವಿ ಬರೆದರು: ‘ನೊಂದ ಗಿಟಾರು ಅವರೇ, ವಯಸ್ಸಾಗಿ ನನ್ನ ಕಿವಿಯೇ ಹೋಯಿತೇನೋ ಅಂತ ಹೆದರಿದ್ದೆ. ನಿಮಗೂ ಹಾಗೇ ಕೇಳಿಸಿತಲ್ಲ, ಧೈರ್ಯ ಬಂತು.’

ಸಮಾಧಾನಮ್ಮ ಅದನ್ನು ಎರಡು ಸಲ ಓದಿದಳು. ಅವಳಿಗೆ ಹಾಗೇನೂ ಕೇಳಿಸಿರಲಿಲ್ಲ. ನಾಲ್ಕಕ್ಕೂ ಐದಕ್ಕೂ ವ್ಯತ್ಯಾಸವೇ ಅವಳಿಗೆ ತಿಳಿದಿರಲಿಲ್ಲ. ಕುರ್ಚಿ ಹೋದರೆ ಹೋಗಲಿ, ಯಾರೋ ಮುದುಕರ ಕಿವಿಗೆ ಸುಳ್ಳು ಧೈರ್ಯ ತುಂಬಿ ಬದುಕಲಾರೆ. ಐದಕ್ಕೆ ಹತ್ತು ನಿಮಿಷವಿರುವಾಗ ನೊಂದ ಗಿಟಾರಿನ ಹೆಸರಲ್ಲೇ ಬರೆದಳು: ‘ನಾನು ಬಳಕೆದಾರಳಲ್ಲ. ಈ ಕಂಪನಿಯಲ್ಲೇ ಕೆಲಸ ಮಾಡುವವಳು. ಕ್ಷಮಿಸಿ.’

ಕೀಬೋರ್ಡುಗಳೆಲ್ಲ ಒಟ್ಟಿಗೆ ನಿಂತವು.

ಪುಟದಲ್ಲಿ ತಂಪುಗಣ್ಣು ಬರೆದಳು: ‘ನಾನೂ.’ ಬಣ್ಣದಕ್ಕನ ಕುರ್ಚಿ ಕಿರುಗುಟ್ಟಿತು. ಏಳು ಸ್ವರ: ‘ನಾನೂ.’ ಮೂಲಪುರುಷ ತಲೆ ತಗ್ಗಿಸಿದ. ಕೊಂಚ ತಡವಾಗಿ ಹಳೇ ಕಿವಿ: ‘ನಾನೂ.’ ಒಳಕೋಣೆಯಲ್ಲಿ ಯಜಮಾನರು ಕೆಮ್ಮಿದರು.

“ಕಿವಿ ತೊಳೆಸಿ ಅಂದ್ಯಲ್ಲೋ,” ಅನ್ನುತ್ತ ಹೊರಗೆ ಬಂದರು.

“ಸರ್, ಮ್ಯೂಸಿಯಮ್ ಅಂದಿದ್ದಂತೂ ಗೌರವದಿಂದಲೇ.”

ಮುನ್ನೂರ ನಲವತ್ತಕ್ಕೂ ಮಿಕ್ಕಿದ ಮಾತು, ಆಡಿದವರು ನಾಲ್ವರು. ಹೊರಗಿನವರಲ್ಲಿ ಒಬ್ಬರಿಗೂ ಈ ಐದನೆಯದು ಬೇಡವಾಗಿದೆ ಅಂತಾಯಿತು. ಯಜಮಾನರು ಗೋಡೆಯ ಗಡಿಯಾರ ನೋಡಿದರು. ಐದಕ್ಕೆ ಎರಡು ನಿಮಿಷ. ಸಮಾಧಾನಮ್ಮ ಮೇಜಿನ ಖಾನೆಯಿಂದ ತನ್ನ ವಸ್ತುಗಳನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದಳು.

ಆಗ ಪುಟದ ಕೊನೆಯಲ್ಲಿ ಐದನೆಯ ಹೆಸರೊಂದು ಮೂಡಿತು. ನಾಲ್ವರೂ ಒಬ್ಬರ ಕೈ ಒಬ್ಬರು ನೋಡಿಕೊಂಡರು. ಯಾರ ಕೈಯೂ ಕೀಬೋರ್ಡಿನ ಮೇಲಿರಲಿಲ್ಲ.

‘ಐದನೆಯದನ್ನು ಬಳಸಿದವರು ಮಾತ್ರ ಬರೆಯಿರಿ ಅಂತ ಪುಟದ ತಲೆಯ ಮೇಲೆ ನೀವೇ ಹಾಕಿದ್ದೀರಿ, ಅದಕ್ಕೇ ನಾವೆಲ್ಲ ಐದು ದಿನದಿಂದ ಬಾಯಿ ಮುಚ್ಚಿಕೊಂಡಿದ್ದೇವೆ, ಮೂರು ದಿನದಿಂದ ನಿಮ್ಮ ಜಗಳ ಓದುತ್ತಿದ್ದೇವೆ, ಇನ್ನಾದರೂ ಡೌನ್‌ಲೋಡ್ ಗುಂಡಿ ಎಲ್ಲಿಟ್ಟಿದ್ದೀರಿ ಅಂತ ಹೇಳುತ್ತೀರಾ?’