ತಂಗಿಯ ಕಾಲ್ಗೆಜ್ಜೆ

ಬೇಯುವ ಹುರುಳಿಯ ವಾಸನೆ ಬಂದರೆ ಇಂದಿಗೂ ನನ್ನ ಕೈ ಬೇಲಿಯ ಗಳವನ್ನು ಹುಡುಕುತ್ತದೆ.

ಬೇಸಿಗೆ ರಜೆಗೆ ಹುನಗುಂದದ ಸೋದರಮಾವನ ಮನೆಗೆ ಹೋಗಿದ್ದೆವು. ಮಾವ ಟಾಂಗಾದವರಿಗೆ ಕುದುರೆ ಸಾಕಿ ಮಾರುತ್ತಿದ್ದರು. ಅವುಗಳನ್ನು ನೋಡಿಕೊಳ್ಳುವ ಖಾದರಸಾಬ ಗೆಜ್ಜೆಸರ ಅಲ್ಲಾಡಿಸಿದರೆ ಸಾಕು, ಹುರುಳಿ ತಿನ್ನಲು ಎಲ್ಲವೂ ಓಡಿ ಬರುತ್ತಿದ್ದವು.

ಒಂದು ಮಧ್ಯಾಹ್ನ ಮೂರು ವರ್ಷದ ತಂಗಿ ಕುದುರೆ ಬಿಟ್ಟಿದ್ದ ಬಯಲಿನ ಬೇಲಿಯ ಕೆಳಗೆ ನುಸುಳಿ ಒಳಗೆ ಹೋದಳು. ಅವಳ ಕಾಲ್ಗೆಜ್ಜೆ ಕೇಳಿದ್ದೇ ತಡ, ಕುದುರೆಗಳು ಕಿವಿ ನಿಮಿರಿಸಿ ಅವಳತ್ತ ನುಗ್ಗಿದವು.

“ಕಾಲು ಅಲುಗಿಸಬ್ಯಾಡ, ನನ್ನವ್ವಾ!” ಎಂದು ಅವ್ವ ಚೀರಿದಳು. ತಂಗಿ ಹೆದರಿ ಇನ್ನೂ ಜೋರಾಗಿ ಕಾಲು ಬಡಿದಳು.

ಒಳಗೆ ನುಗ್ಗಲು ಹೊರಟ ಅವ್ವನನ್ನು ಖಾದರಸಾಬ ತಡೆದ. “ಬ್ಯಾಡ್ರಿ ಅಕ್ಕಾರ, ಬೆದರಿದ್ರ ತುಳಿತಾವ!” ಎಂದವನೇ ಗೆಜ್ಜೆಸರ ತರಲು ಲಾಯಕ್ಕೆ ಓಡಿದ.

ಧೂಳಿನಲ್ಲಿ ತಂಗಿ ಕಾಣಲಿಲ್ಲ, ಗೆಜ್ಜೆಯಷ್ಟೇ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಅವ್ವನೂ ನಾನೂ ಗಳ ಹಿಡಿದು ನಿಂತೇ ಇದ್ದೆವು.

ಕೊನೆಗೆ ದೂರದ ಗೋದಲಿಯ ಕಡೆಯಿಂದ ಗೆಜ್ಜೆಸರ ಕೇಳಿಸಿತು. ಕುದುರೆಗಳು ಒಂದೊಂದಾಗಿ ಅತ್ತ ತಿರುಗಿದವು. ತಂಗಿ ಎರಡೂ ಕೈಯಲ್ಲಿ ತನ್ನ ಕಾಲ್ಗೆಜ್ಜೆ ಅದುಮಿ ಹಿಡಿದು ಕುಳಿತಿದ್ದಳು.

ಅವ್ವ ಅಲ್ಲೇ ಅವನ್ನು ಬಿಚ್ಚಿದಳು. ರಜೆ ಮುಗಿಯುವವರೆಗೂ ಒಲೆಯ ಮುಂದೆ ಕೂತು, ಗೆಜ್ಜೆಯ ಸದ್ದು ಕೇಳದೆ, ಗಳಿಗೆಗೊಮ್ಮೆ ಕೂಗುತ್ತಿದ್ದಳು: “ಎಲ್ಲಿದ್ದೀ ಮಗಳ? ಓ ಅನ್ನವ್ವಾ!”